ನಮ್ಮವರ ಭಟ್ಟಿ, ನನ್ನ ಬೋಗುಣಿ

ನಮ್ಮವರ ಬಾಯಿಯನ್ನು ಬಿಟ್ಟು ನಮ್ಮವರ ಬಗ್ಗೆ ಬರೆಯುವುದು ಸಾಧ್ಯವೇ ಇಲ್ಲ. ಮಾತು ಜಾಸ್ತಿ ಅಂತಲ್ಲ, ಮಾತು ಕಡಿಮೆಯೇ. ಅದಕ್ಕೂ ಬಾಯಿಯೇ ಕಾರಣ. ಬೆಳಗ್ಗೆ ಹತ್ತರಿಂದ ಸಂಜೆ ಐದರ ತನಕ ಅವರ ತುಟಿಗಳ ನಡುವೆ ಒಂದಲ್ಲ ಒಂದು ಸ್ಕ್ರೂ ಕೂತಿರುತ್ತಿತ್ತು. ಎರಡು ಕೈಗೂ ಕೆಲಸ ಇದ್ದಾಗ ಬಾಯಿಯೇ ಮೂರನೆಯ ಕೈ ಅನ್ನುವುದು ಅವರ ವಾದ. ಏನೇ ಕೇಳಿದರೂ "ಹ್ಞೂಂ" ಇಲ್ಲವೇ "ಉಹ್ಞೂಂ". ಮದುವೆಯಾದ ಹೊಸದರಲ್ಲಿ ನಾನು ಇದನ್ನು ಗಾಂಭೀರ್ಯ ಅಂದುಕೊಂಡು ಮರುಳಾಗಿದ್ದೆ.

ಆಗ ಅವರಿಗೆ ಸ್ಪ್ರಿಂಗ್ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ. ತಂತಿ ಸುತ್ತುವುದು ಬೇರೆಯವರು, ಸುತ್ತಿದ್ದನ್ನು ಭಟ್ಟಿಯಲ್ಲಿ ಕಾಯಿಸಿ ಹದ ಮಾಡುವುದು ಇವರು. ಕಾರ್ಖಾನೆ ಮುಚ್ಚಿತು. ನಾನು ಈ ಪ್ರಯೋಗಾಲಯದ ಸ್ಟೋರಿನಲ್ಲಿದ್ದೆ. ಇಲ್ಲಿಗೊಂದು ಭಟ್ಟಿ ಬರುತ್ತದೆ, ಅದನ್ನು ನೋಡಿಕೊಳ್ಳಲು ಜನ ಬೇಕು ಅಂತ ಗೊತ್ತಾದಾಗ ಇವರನ್ನು ಕರೆತಂದೆ. ಮೇಡಂ, ಅಂದರೆ ನಮ್ಮ ಮುಖ್ಯಸ್ಥೆ, ಆಗಿನ್ನೂ ಚಿಕ್ಕ ವಯಸ್ಸಿನವರು. ಎದುರಿಗೆ ಆ ಕೆಲಸಕ್ಕೆ ಬಂದ ಐದು ಜನ ಕಾಯುತ್ತಿದ್ದರು. ಎಲ್ಲರೂ ಎಷ್ಟು ಬಿಸಿ ಮಾಡಬೇಕು ಅಂತ ಕೇಳಿದರಂತೆ. ನಮ್ಮವರೊಬ್ಬರೇ, "ತಣ್ಣಗಾಗೋಕೆ ಎಷ್ಟು ಹೊತ್ತು ಬಿಡ್ತೀರಿ?" ಅಂತ ಕೇಳಿದ್ದು. ಅವತ್ತಿನಿಂದ ಅವರು ಈ ಕಟ್ಟಡಕ್ಕೆಲ್ಲ ಭಟ್ಟಿ ಅಣ್ಣ. ನಾನು ಸ್ಟೋರ್ ಅಕ್ಕ. ಗಂಡ ಹೆಂಡತಿಯನ್ನು ಅಣ್ಣ ಅಕ್ಕ ಮಾಡಿಟ್ಟ ಪುಣ್ಯಾತ್ಮರು ಇವರು, ಏನು ಹೇಳೋಣ.

ಭಟ್ಟಿಯಲ್ಲಿ ಬೇಯುವುದು ವಜ್ರ. ಕೇಳಿದ ತಕ್ಷಣ ಎಲ್ಲರ ಕಿವಿ ನಿಮಿರುತ್ತದೆ, ನನಗೆ ಗೊತ್ತು. ನೋಡಿದರೆ ಮುಖ ಸಪ್ಪಗಾಗುತ್ತದೆ. ಕಿರುಬೆರಳ ಉಗುರಿನ ಅರ್ಧದಷ್ಟು, ಉಗುರಿನಷ್ಟೇ ತೆಳ್ಳಗಿನ ಚೌಕ ತುಂಡು. ಯಂತ್ರದಲ್ಲಿ ಬೆಳೆಸಿದ್ದು, ಹೊಳಪೂ ಅಷ್ಟಕ್ಕಷ್ಟೇ. ನಾವು ಚಿಪ್ಪು ಅನ್ನುತ್ತೇವೆ. ವಜ್ರ ಅಂದರೆ ಇಂಗಾಲದ ಪರಮಾಣುಗಳು ಸಾಲುಸಾಲಾಗಿ ಕೂತಿರುವುದು, ನಡುನಡುವೆ ಅಪರೂಪಕ್ಕೆ ಒಂದು ಸಾರಜನಕ. ಮೊದಲು ಈ ಚಿಪ್ಪನ್ನು ಬೇರೊಂದು ಕಡೆ ಕಳಿಸಿ ಎಲೆಕ್ಟ್ರಾನುಗಳಿಂದ ಹೊಡೆಸುತ್ತಾರೆ. ಆಗ ಅಲ್ಲೊಂದು ಇಲ್ಲೊಂದು ಪರಮಾಣು ಜಾಗ ಬಿಟ್ಟು ಕದಲುತ್ತದೆ, ಅಲ್ಲಿ ಖಾಲಿ ಜಾಗ ಉಳಿಯುತ್ತದೆ. ಆ ಖಾಲಿ ಜಾಗವನ್ನು ಸಾರಜನಕದ ಪಕ್ಕಕ್ಕೆ ತಂದು ಕೂರಿಸುವುದು ನಮ್ಮವರ ಕೆಲಸ.

ಇದನ್ನು ನನಗೆ ಅರ್ಥ ಮಾಡಿಸಿದ್ದೂ ಅವರೇ, ಬಸ್ಸಿನಲ್ಲಿ ಬರುವಾಗ, ಬಾಯಲ್ಲಿ ಸ್ಕ್ರೂ ಇಲ್ಲದ ಗಳಿಗೆಯಲ್ಲಿ. "ಈ ಸೀಟು ಖಾಲಿ ಇದೆ ನೋಡು. ಹಿಂದಿನವನು ಬಂದು ಇಲ್ಲಿ ಕೂತ ಅಂದ್ಕೋ, ಅವನ ಸೀಟು ಖಾಲಿ. ಅಲ್ಲಿಗೆ ಅವನ ಹಿಂದಿನವನು ಬಂದ. ಜನ ಮುಂದೆ ಬಂದ್ರು, ಖಾಲಿ ಸೀಟು ಹಿಂದೆ ನಡ್ಕೊಂಡ್ ಹೋಯ್ತು. ಬಿಸಿ ಮಾಡಿದ್ರೆ ವಜ್ರದೊಳಗೂ ಹಿಂಗೇ. ನಡ್ಕೊಂಡ್ ನಡ್ಕೊಂಡ್ ಸಾರಜನಕದ ಪಕ್ಕ ಬಂತು ಅಂದ್ರೆ, ಅಲ್ಲೇ ಠಿಕಾಣಿ. ಆಮೇಲೆ ಜಪ್ಪಯ್ಯ ಅಂದ್ರೂ ಏಳಲ್ಲ."

ಹಾಗೆ ಜೊತೆಯಾದ ಜಾಗದ ಮೇಲೆ ಹಸಿರು ಲೇಸರ್ ಬಿಟ್ಟರೆ ಕೆಂಪಗೆ ಬೆಳಗುತ್ತದೆ. ಆ ಬೆಳಕನ್ನು ಅಳೆದರೆ ಕಂಪ್ಯೂಟರಿನ ಪರದೆಯ ಮೇಲೆ ಒಂದು ಗೆರೆ, ಗೆರೆಯ ನಡುವೆ ಒಂದು ಹಳ್ಳ. ಹತ್ತಿರ ಎಲ್ಲಾದರೂ ಅಯಸ್ಕಾಂತವೋ ಕಬ್ಬಿಣದ ಚೂರೋ ಬಂದರೆ ಹಳ್ಳ ಪಕ್ಕಕ್ಕೆ ಸರಿಯುತ್ತದೆ. ಇಷ್ಟೇ ವಿಷಯ. ಈ ಇಷ್ಟರಿಂದ ಮುಂದೆ ಕ್ವಾಂಟಂ ಯಂತ್ರ, ದೇಹದೊಳಗಿನ ನರದ ಮಿಡಿತ ಅಳೆಯುವ ಸಾಧನ, ಏನೇನೋ ಆಗುತ್ತದಂತೆ. ಆಗಲಿ. ನನಗೆ ಗೊತ್ತಿರುವುದು ಹಳ್ಳ ಅಲ್ಲಾಡಬಾರದು ಅನ್ನುವುದು.

ಅದಕ್ಕೇ ಅಳತೆಯ ಕೋಣೆಯ ಬಾಗಿಲಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಬೋಗುಣಿ. ಒಳಗೆ ಹೋಗುವವರು ಬೀಗದ ಕೈ, ಫೋನು, ಗಡಿಯಾರ, ಬೆಲ್ಟು, ತಲೆಪಿನ್ನು ಎಲ್ಲ ಅದಕ್ಕೆ ಹಾಕಬೇಕು. ನನ್ನ ಮೇಜು ಅದರ ಪಕ್ಕದಲ್ಲೇ, ಕಾವಲು ನನ್ನದೇ. ಒಮ್ಮೆ ಮೇಡಂ ಅವರ ಅಂಗಿಯ ಒಳಮಡಿಕೆಯಿಂದ ಸೇಫ್ಟಿ ಪಿನ್ ತೆಗೆಸಿದವಳು ನಾನು. ನನ್ನ ಕಣ್ಣು ತಪ್ಪಿಸಿ ಒಂದು ಗುಂಡುಸೂಜಿಯೂ ಒಳಗೆ ಹೋಗಿಲ್ಲ ಅಂತ ಎದೆ ತಟ್ಟಿ ಹೇಳುತ್ತಿದ್ದೆ. ಎಷ್ಟು ಜೋರಾಗಿ ತಟ್ಟುತ್ತಿದ್ದೆ ಅನ್ನುವುದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಭಟ್ಟಿಯ ಮುಂದೆ ನಮ್ಮವರನ್ನು ನೋಡಬೇಕು. ಒಳಗಿನ ಗಾಳಿಯನ್ನೆಲ್ಲ ಪಂಪು ಎಳೆದು ಹಾಕಬೇಕು. ಒಂದಿಷ್ಟು ಉಳಿದರೂ ಚಿಪ್ಪು ಕಪ್ಪಗಾಗಿ ಬಾಣಲೆಯ ತಳದಂತೆ ಹೊರಬರುತ್ತದೆ. ಮೀಟರ್ ಇದೆ, ಆದರೂ ಇವರು ಪಂಪಿಗೆ ಕಿವಿಯಿಟ್ಟು ಕೂರುತ್ತಾರೆ. ನಾನೂರು ಡಿಗ್ರಿ ಬಿಸಿಯಲ್ಲಿ ನಾಲ್ಕು ಗಂಟೆ, ಎಂಟುನೂರರಲ್ಲಿ ಎಂಟು ಗಂಟೆ, ಆಮೇಲೆ ಇನ್ನೂ ಮೇಲೆ. ತಣ್ಣಗಾಗುವಾಗ ಯಾರಾದರೂ ಅವಸರ ಮಾಡಿದರೆ ಸ್ಕ್ರೂ ತೆಗೆದು ಮಾತಾಡಿಬಿಡುತ್ತಾರೆ. ಹೊರಬಂದ ಚಿಪ್ಪು ನಸುಗೆಂಪಾಗಿದ್ದರೆ ಆ ದಿನ ಮನೆಯಲ್ಲಿ ಪಾತ್ರೆ ಅವರೇ ತೊಳೆಯುತ್ತಾರೆ. ಆ ಚಿಪ್ಪನ್ನು ಚಿಮಟದಲ್ಲಿ ಎತ್ತಿ ಅಳತೆಯ ಮೇಜಿನ ಮೇಲೆ ಕೂರಿಸಿ ಸ್ಕ್ರೂ ಬಿಗಿಯುವುದೂ ಅವರೇ. ಬೇರೆ ಯಾರೂ ಮುಟ್ಟುವ ಹಾಗಿಲ್ಲ, ಅದು ಅವರ ಕಟ್ಟಪ್ಪಣೆ.

ಮೂವತ್ತು ವರ್ಷ ಸ್ಕ್ರೂ ಕಚ್ಚಿದ ಹಲ್ಲುಗಳು ಕೊನೆಗೆ ಕೈಕೊಟ್ಟವು. ಮೇಲಿನ ಸಾಲಿನಲ್ಲಿ ಒಂದು ಅಲ್ಲಾಡಿತು, ಒಂದು ಮುರಿಯಿತು, ಒಂದು ಚಪಾತಿಯ ಜೊತೆ ಹೋಯಿತು. ಮಗಳು ಊರಿಂದ ಬಂದವಳು ಅಪ್ಪನ ನಗು ನೋಡಿ, "ಅಪ್ಪಾ, ನಾಳೆನೇ ಡಾಕ್ಟ್ರ ಹತ್ರ" ಅಂದಳು. ಮಗಳ ಮಾತು ಅಂದರೆ ಅವರಿಗೆ ಮೇಲಿನ ಕೋರ್ಟಿನ ತೀರ್ಪು. ಒಂದು ತಿಂಗಳು ರಜೆ ಹಾಕಿದರು. ಹುಷಾರಿಲ್ಲ ಅಂತಷ್ಟೇ ಬರೆದರು. ಹಲ್ಲಿನ ಡಾಕ್ಟರು ಮೇಲಿನ ಸಾಲಿನಲ್ಲಿ ಉಳಿದಿದ್ದ ಹಲ್ಲನ್ನೆಲ್ಲ ತೆಗೆದು, ಎರಡು ಬೇರು ಮಾತ್ರ ಉಳಿಸಿಕೊಂಡು, ಅದರ ಮೇಲೆ ಕೂರುವ ಹೊಸ ಸಾಲು ಮಾಡಿಕೊಟ್ಟರು. "ಅಂಟು ಗಿಂಟು ಏನೂ ಬೇಡ, ತಾನೇ ಹಿಡ್ಕೊಳ್ಳುತ್ತೆ" ಅಂದರು. ಜೊತೆಗೆ ರಾತ್ರಿ ಹಲ್ಲು ತೆಗೆದಿಡಲು ಒಂದು ಡಬ್ಬಿ, ಡಬ್ಬಿಯ ಜೊತೆ ಮಡಿಸಿದ ಚೀಟಿ. ಡಬ್ಬಿಯನ್ನು ಬಚ್ಚಲುಮನೆಯ ಗೂಡಿನಲ್ಲಿಟ್ಟೆ, ಚೀಟಿಯನ್ನು ಅದರ ಕೆಳಗೆ ಹಾಸಿದೆ.

"ಯಾರಿಗೂ ಹೇಳ್ಬೇಡ ಕಣೇ," ಅಂದರು ನಮ್ಮವರು.

"ಹಲ್ಲು ಕಟ್ಟಿಸ್ಕೊಳ್ಳೋದು ಕಳ್ಳತನವಾ?"

"ಕಳ್ಳತನ ಅಲ್ಲ. ಮುದುಕ ಆದ ಅಂತಾರೆ. ಭಟ್ಟಿನೂ ಹಳೇದು, ಭಟ್ಟಿಯವನೂ ಹಳಬ ಅಂತ ಆಗ್ಬಿಡುತ್ತೆ. ಬೇಡ."

ಇನ್ನೆರಡು ವರ್ಷಕ್ಕೆ ನಿವೃತ್ತಿಯಾಗುವ ಮನುಷ್ಯ. ಆ ಮುಖ ನೋಡಿ ಪಾಪ ಅನ್ನಿಸಿತು, ಆಣೆ ಇಟ್ಟುಬಿಟ್ಟೆ.

ಕೆಲಸಕ್ಕೆ ಮರಳಿದ ದಿನ ಎಲ್ಲರೂ ಬಾಯಿ ಬಿಟ್ಟುಕೊಂಡು ಇವರ ಬಾಯಿಯನ್ನೇ ನೋಡಿದರು. ಅಳತೆ ಮಾಡುವ ಸಂಶೋಧಕ, ದಪ್ಪ ಗಾಜಿನವನು, ನಾವೆಲ್ಲ ಕನ್ನಡಕ ಅಂತಲೇ ಕರೆಯುವುದು, "ಭಟ್ಟಿ ಅಣ್ಣ, ಹತ್ತು ವರ್ಷ ಚಿಕ್ಕೋರಾಗಿ ಬಂದಿದೀರಲ್ಲ! ಹಲ್ಲು ಏನು ಹಂಗೆ ಹೊಳೀತಿದೆ?" ಅಂದ.

"ಉಪ್ಪುನೀರು," ಅಂದರು ನಮ್ಮವರು ಗಂಭೀರವಾಗಿ. "ದಿನಾ ಎರಡು ಹೊತ್ತು ಮುಕ್ಕಳಿಸ್ತೀನಿ."

ಮಾರನೆಯ ದಿನದಿಂದ ಕನ್ನಡಕ ಊಟದ ನಂತರ ನಲ್ಲಿಯ ಹತ್ತಿರ ನಿಂತು ಗೊಳಗೊಳ ಅನ್ನಿಸತೊಡಗಿದ. ನಾನು ಸ್ಟೋರಿನೊಳಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕೆ.

ಹೊಸ ಹಲ್ಲಿನ ಗುಣಗಾನ ಮನೆಯಲ್ಲಿ ಮಾತ್ರ. "ಭಟ್ಟಿ ಹತ್ರ ಸ್ಕ್ರೂ ಕಚ್ಚಿದ್ರೆ ಏನು ಹಿಡಿತ ಅಂತೀಯಾ! ಬಾಯಿ ಬಿಟ್ರೂ ಬೀಳಲ್ಲ. ಹಲ್ಲು ಅಂದ್ರೆ ಹಿಂಗಿರ್ಬೇಕು. ಅಳತೆ ಮೇಜಿನ ಹಿತ್ತಾಳೆ ಸ್ಕ್ರೂ ಮಾತ್ರ ಜಾರುತ್ತೆ, ಯಾಕೋ." ನಾನು ಸಾರಿಗೆ ಉಪ್ಪು ಹಾಕುತ್ತಾ ಹ್ಞೂಂಗುಟ್ಟಿದೆ. ಇಬ್ಬರಲ್ಲಿ ಒಬ್ಬರ ತಲೆಯಾದರೂ ಅವತ್ತು ಓಡಬೇಕಿತ್ತು.

ತೊಂದರೆ ಶುರುವಾದದ್ದು ಆ ವಾರವೇ. ನಮ್ಮವರು ರಜೆಯಲ್ಲಿದ್ದಾಗ ಮೇಡಂ ಹೊರಗಿನಿಂದ ತಯಾರಾದ ಒಂದು ಚಿಪ್ಪು ತರಿಸಿ, ಕನ್ನಡಕನ ಕೈಲೇ ಮೇಜಿಗೆ ಕೂರಿಸಿ ಅಳತೆ ಮಾಡಿಸಿದ್ದರು. ಹಳ್ಳ ಕಲ್ಲಿನಂತೆ ಕದಲದೆ ನಿಂತಿತ್ತು. ಇವರು ಬಂದು ತಮ್ಮ ಭಟ್ಟಿಯ ಚಿಪ್ಪು ಕೂರಿಸಿದರೆ ಹಳ್ಳ ಒಂದು ಗಳಿಗೆ ಎಡಕ್ಕೆ, ಒಂದು ಗಳಿಗೆ ಬಲಕ್ಕೆ. ಇನ್ನೊಂದು ಚಿಪ್ಪು ಹಾಕಿದರು, ಅದೂ ಹಾಗೇ. ಹಳ್ಳ ನಿಲ್ಲುವ ತನಕ ಇವರು ಮೇಜಿನ ಪಕ್ಕ ಬಿಟ್ಟು ಏಳುತ್ತಲೂ ಇರಲಿಲ್ಲ. ಲಿಫ್ಟು ನಿಲ್ಲಿಸಿ ನೋಡಿದರು. ಪಕ್ಕದ ಕಟ್ಟಡದ ನೀರಿನ ಮೋಟಾರು ಆರಿಸಿ ನೋಡಿದರು. ನನ್ನ ಬೋಗುಣಿಯನ್ನೂ ಅನುಮಾನಿಸಿದರು. ಸಿಟ್ಟು ಬಂತು. ಅಂದಿನಿಂದ ಚಪ್ಪಲಿ ಮೊಳೆಯನ್ನೂ ಬಿಡದೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ನಮ್ಮವರನ್ನೇನೂ ರಿಯಾಯಿತಿ ಮಾಡಲಿಲ್ಲ, ಬೆಲ್ಟು ಬಿಚ್ಚಿಸಿ ದಾರ ಕಟ್ಟಿಸಿ ಒಳಗೆ ಬಿಟ್ಟೆ.

ಮೂರು ವಾರವಾದರೂ ಹಳ್ಳ ನಿಲ್ಲಲಿಲ್ಲ. ಕೊನೆಗೆ ಮೇಡಂ ನಮ್ಮವರನ್ನು ಕರೆದು ಮೆಲ್ಲಗೆ ಹೇಳಿದರು. "ಭಟ್ಟಿ ಅಣ್ಣ, ಬೇಜಾರು ಮಾಡ್ಕೋಬೇಡಿ. ಶುಕ್ರವಾರ ನಮಗೆ ದುಡ್ಡು ಕೊಡೋ ಸಮಿತಿಯವರು ಬರ್ತಾರೆ. ಅವರ ಮುಂದೆ ನಮ್ಮ ಚಿಪ್ಪು ನಿಲ್ಲಲಿಲ್ಲ ಅಂದ್ರೆ, ಇನ್ಮೇಲೆ ಚಿಪ್ಪು ಹೊರಗಿಂದನೇ ತರಿಸೋದು, ಭಟ್ಟಿ ಕೋಣೆ ಬೇರೆ ಕೆಲಸಕ್ಕೆ ಕೊಡೋದು ಅಂತ ಆಗುತ್ತೆ. ನನ್ನ ಕೈಲಿ ಇಲ್ಲ."

ಅವತ್ತು ಬಸ್ಸಿನಲ್ಲಿ ನಮ್ಮವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಇಳಿಯುವಾಗ, "ಸ್ಪ್ರಿಂಗ್ ಫ್ಯಾಕ್ಟ್ರಿ ಮುಚ್ಚಿದಾಗ ನನ್ನ ತಪ್ಪಿರಲಿಲ್ಲ. ಈ ಸಲ ನನ್ನ ಕೈಯಿಂದಾನೇ ಮುಚ್ಚುತ್ತೆ," ಅಂದರು. ಏನಾದರೂ ಹೇಳಬೇಕು ಅಂತ, "ಚಪ್ಪಲಿ ಹುಷಾರು, ಮೆಟ್ಟಿಲು," ಅಂದೆ.

ಶುಕ್ರವಾರ ಅವರು ಏಳು ಗಂಟೆಯ ಬಸ್ಸಿಗೇ ಹೋದರು. ನಾನು ಮನೆಗೆಲಸ ಮುಗಿಸಿ, ಬಚ್ಚಲುಮನೆಯ ಗೂಡು ಒರೆಸಲು ಹಲ್ಲಿನ ಡಬ್ಬಿ ಎತ್ತಿದೆ. ಒದ್ದೆ ತಳಕ್ಕೆ ಆ ಚೀಟಿ ಅಂಟಿಕೊಂಡು ಬಂತು. ಬಿಡಿಸಿ ಎಸೆಯಲು ಹೋದವಳ ಕಣ್ಣು ನಡುವಿನ ಸಾಲಿನ ಮೇಲೆ ಬಿತ್ತು. ದೇಹದ ಸ್ಕ್ಯಾನ್ ಮಾಡಿಸುವ ಮೊದಲು ಹಲ್ಲನ್ನು ಹೊರತೆಗೆಯಿರಿ, ಇದರೊಳಗೆ ಎರಡು ಚಿಕ್ಕ ಅಯಸ್ಕಾಂತಗಳಿವೆ.

ಚೀಟಿ ಓದದೆ ಡಬ್ಬದ ಮುಚ್ಚಳ ತೆಗೆಯಬೇಡಿ ಅಂತ ಇಪ್ಪತ್ತು ವರ್ಷದಿಂದ ಕಂಡಕಂಡವರಿಗೆ ಬೈದವಳು ನಾನು. ಆ ನಾನೇ ಚೀಟಿಯನ್ನು ಡಬ್ಬಿಯ ಕೆಳಗೆ ಹಾಸಿದ್ದೆ. ನನ್ನ ಮೂಗಿನ ಕೆಳಗೆ, ನನ್ನ ಬೋಗುಣಿಯನ್ನು ದಾಟಿ, ನಮ್ಮವರು ದಿನಾ ಎರಡು ಅಯಸ್ಕಾಂತ ಬಾಯಲ್ಲಿಟ್ಟುಕೊಂಡು ಒಳಗೆ ಹೋಗುತ್ತಿದ್ದರು. ಫೋನು ಮಾಡಿದೆ. ಫೋನೋ, ಬೋಗುಣಿಯಲ್ಲಿ! ಸೆರಗು ಸಿಕ್ಕಿಸಿಕೊಂಡು ಓಡಿದೆ.

ನಾನು ಮುಟ್ಟುವ ಹೊತ್ತಿಗೆ ಸಮಿತಿಯವರು ಒಳಗಿದ್ದರು. ಮೂವರು. ನಡುವೆ ಬೋಳುತಲೆಯ ಹಿರಿಯರು, ಅವರ ಮಾತೇ ಕೊನೆಯದಂತೆ. ದೀಪ ಮಂದ ಮಾಡಿದ್ದರು. ಪರದೆಯ ಮೇಲೆ ಹಳ್ಳ ಒಂದು ಬದಿಗೆ ಸರಿದು ನಡುಗುತ್ತಿತ್ತು. ನಮ್ಮವರು ಮೇಜಿನ ಮೇಲೆ ಬಗ್ಗಿ, ಮುಖವನ್ನು ಚಿಪ್ಪಿಗೆ ಒಂದು ಗೇಣು ದೂರದಲ್ಲಿಟ್ಟು, ಸ್ಕ್ರೂ ತಿರುಗಿಸುತ್ತಿದ್ದರು. ಕತ್ತಿನ ಮೇಲೆ ಬೆವರು. ಪಾಪ, ಹತ್ತಿರ ಹೋದಷ್ಟೂ ಕೆಡುತ್ತಿದೆ ಅಂತ ಗೊತ್ತಿಲ್ಲದೆ ಇನ್ನೂ ಹತ್ತಿರ ಹೋಗುತ್ತಿದ್ದರು.

"ರೀ, ಒಂದ್ನಿಮಿಷ ಹೊರಗೆ ಬನ್ನಿ," ಅಂದೆ ಬಾಗಿಲಿಂದ.

"ಉಹ್ಞೂಂ."

"ಮನೆ ವಿಷಯ. ಅರ್ಜೆಂಟು."

ಮೇಡಂ ನನ್ನನ್ನು ನೋಡಿದ ನೋಟಕ್ಕೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮವರು ಗೊಣಗುತ್ತಾ ಬಾಗಿಲಿಗೆ ಬಂದರು. ಅಷ್ಟರಲ್ಲಿ ಕನ್ನಡಕ ಕೂಗಿದ, "ಬಂತು! ಮೇಡಂ, ನಿಂತ್ಕೊಂಡ್ತು!" ಖುಷಿಯಿಂದ ಇವರು ತಿರುಗಿ ಮೇಜಿಗೆ ಓಡಿದರು. ಹಳ್ಳ ಮತ್ತೆ ಓಡಿತು.

"ಇದೇನ್ರೀ ಇದು," ಅಂದರು ಬೋಳುತಲೆಯ ಹಿರಿಯರು, "ಇವರನ್ನ ಕಂಡ್ರೆ ಆಗಲ್ವಾ ಇದಕ್ಕೆ?"

ಎಲ್ಲರೂ ನಕ್ಕರು. ನಮ್ಮವರು ಇಂಗು ತಿಂದ ಮಂಗನ ಹಾಗೆ ನಿಂತರು. ನಾನು ಕೈಹಿಡಿದು ಎಳೆದುಕೊಂಡು ಹೊರಗೆ ಬಂದು ಚೀಟಿ ಕೊಟ್ಟೆ. ಓದಿದರು. ಇನ್ನೊಮ್ಮೆ ಓದಿದರು. ನಾಲಿಗೆಯಿಂದ ಹಲ್ಲನ್ನು ಒಳಗಿನಿಂದಲೇ ಮುಟ್ಟಿ ನೋಡಿಕೊಳ್ಳುವುದು ಕೆನ್ನೆಯ ಮೇಲಿಂದಲೇ ಕಾಣುತ್ತಿತ್ತು.

"ತೆಗೆದು ನನ್ನ ಕೈಗೆ ಕೊಡಿ. ಬಾಯಿ ಮುಚ್ಕೊಂಡು ಒಳಗೆ ಹೋಗಿ. ಯಾರಿಗೂ ಗೊತ್ತಾಗಲ್ಲ," ಅಂದೆ.

ಅವರು ಯೋಚಿಸಿದರು. ನನಗೆ ಅವರ ಮನಸ್ಸು ಗೊತ್ತಿತ್ತು. ಈ ಕಟ್ಟಡದಲ್ಲಿ ಮುದುಕ ಅನ್ನಿಸಿಕೊಳ್ಳುವುದಕ್ಕಿಂತ ಜ್ವರ ಬಂದು ಮಲಗುವುದು ಅವರಿಗೆ ವಾಸಿ.

"ಗೊತ್ತಾಗ್ದೇ ಇದ್ರೆ," ಅಂದರು ಕೊನೆಗೆ, "ಈಗ ನಿಂತಿದೆ, ನಾಳೆ ಮತ್ತೆ ಕೆಡುತ್ತೆ ಅಂತಾರೆ. ಮೂರು ವಾರ ಯಾಕೆ ಕೆಟ್ಟಿತ್ತು ಅಂತ ಹೇಳ್ಬೇಕಲ್ಲ. ಚಿಪ್ಪಿನ ತಪ್ಪಿಲ್ಲ ಕಣೇ. ಅದರ ಮೇಲೆ ಅಪವಾದ ಯಾಕೆ ಉಳೀಬೇಕು?"

ಒಳಗೆ ಹೋದರು. ನಾನು ಹಿಂದೆಯೇ ಹೋದೆ. ಕೋಣೆಯ ನಡುವೆ ನಿಂತು, "ಕ್ಷಮಿಸಬೇಕು," ಅಂದವರೇ ಎಲ್ಲರ ಮುಂದೆ ಬಾಯಿಗೆ ಕೈಹಾಕಿ ಮೇಲಿನ ಸಾಲನ್ನು ಕಳಚಿ ಕರವಸ್ತ್ರದ ಮೇಲಿಟ್ಟರು. ಕೆನ್ನೆ ಒಳಗೆ ಹೋಯಿತು, ಹತ್ತು ವರ್ಷ ಒಟ್ಟಿಗೇ ಮುಖದ ಮೇಲೆ ಬಂದು ಕೂತವು. "ಇದರಲ್ಲಿ ಅಯಸ್ಕಾಂತ ಇದೆ. ನನಗೆ ಈಗ ತಾನೇ ಗೊತ್ತಾಯ್ತು." ಮಾತು ಅರ್ಧ ಗಾಳಿಯಾಗಿ ಬಂತು, ಆದರೆ ಎಲ್ಲರಿಗೂ ಕೇಳಿಸಿತು. ಕರವಸ್ತ್ರವನ್ನು ನನ್ನ ಕೈಗಿತ್ತು ಬಾಗಿಲಾಚೆ ನಿಲ್ಲಲು ಹೇಳಿ, ಮೇಜಿಗೆ ಹೋಗಿ ಬಗ್ಗಿದರು.

ಹಳ್ಳ ಕದಲಲಿಲ್ಲ. ಇನ್ನೂ ಬಗ್ಗಿದರು. ಕದಲಲಿಲ್ಲ.

"ಅಮ್ಮಾ," ಅಂತ ಹಿರಿಯರು ನನ್ನನ್ನು ಕರೆದರು, "ಅದನ್ನ ಹಿಡ್ಕೊಂಡು ಒಂದೊಂದೇ ಹೆಜ್ಜೆ ಒಳಗೆ ಬನ್ನಿ."

ನಾನು ಗಂಡನ ಹಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಮದುಮಗಳ ಹಾಗೆ ಒಂದೊಂದೇ ಹೆಜ್ಜೆ ಇಟ್ಟೆ. ಮೇಜಿಗೆ ಎರಡು ಹೆಜ್ಜೆ ಇದ್ದಾಗ ಹಳ್ಳ ಮಿಸುಕಿತು. ಒಂದು ಹೆಜ್ಜೆಗೆ ಸರಿಯಿತು. ಹಿಂದೆ ಸರಿದೆ, ಅದೂ ತನ್ನ ಜಾಗಕ್ಕೆ ಹೋಯಿತು. "ಇನ್ನೊಂದ್ಸಲ," ಅಂದರು ಹಿರಿಯರು. ಐದು ಸಲ ನಡೆಸಿದರು. ಆರನೆಯ ಸಲಕ್ಕೆ ನನಗೇ ನಗು ತಡೆಯಲಾಗಲಿಲ್ಲ. ನಾನು ನಕ್ಕೆ, ಮೇಡಂ ನಕ್ಕರು, ಕನ್ನಡಕ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ. ಎಲ್ಲರಿಗಿಂತ ಜೋರಾಗಿ, ಬೊಚ್ಚುಬಾಯಿ ಅಗಲ ತೆರೆದು, ನಮ್ಮವರು ನಕ್ಕರು.

ನಗು ನಿಂತ ಮೇಲೆ ಮೇಡಂ ಇವರ ಹತ್ತಿರ ಬಂದರು. "ಚಿಪ್ಪು ಮೂರು ವಾರದಿಂದ ಇದ್ದದ್ದನ್ನ ಇದ್ದ ಹಾಗೇ ಹೇಳ್ತಿತ್ತು, ಅಣ್ಣ. ನಾವೇ ಅದನ್ನ ಸುಳ್ಳು ಅಂದ್ವಿ. ನಿಮ್ಮನ್ನೂ ನೋಯಿಸಿದ್ವಿ. ತಪ್ಪಾಯ್ತು." ನಮ್ಮವರು "ಉಹ್ಞೂಂ" ಅಂದರು. ಬಾಯಲ್ಲಿ ಸ್ಕ್ರೂ ಇರಲಿಲ್ಲ. ಆ ಉಹ್ಞೂಂ ಕೇಳಿ ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದೇನು.

ಹೊರಡುವಾಗ ಬೋಳುತಲೆಯ ಹಿರಿಯರು ಬೋಗುಣಿಯಿಂದ ಬೆಲ್ಟು ಎತ್ತಿಕೊಳ್ಳುತ್ತಾ, ಬೇರೆಯವರು ಮುಂದೆ ಹೋಗಲಿ ಅಂತ ಕಾದು, ನನ್ನ ಕಡೆ ಬಗ್ಗಿ ಕೇಳಿದರು. "ಅಂಟು ಬೇಡ್ವಂತಾ ಅದಕ್ಕೆ? ಡಾಕ್ಟ್ರು ಯಾರು?" ಹೆಸರು ಬರೆದುಕೊಟ್ಟೆ.

ಭಟ್ಟಿ ಉಳಿಯಿತು ಅಂತ ಮುಂದಿನ ವಾರ ಕಾಗದ ಬಂತು. ಭಟ್ಟಿಯ ಹದವನ್ನೆಲ್ಲ ಬರೆದಿಡಿ, ನಿಮ್ಮ ನಂತರವೂ ಬೇಕಾಗುತ್ತದೆ ಅಂತಲೂ ಇತ್ತು. ಈಗ ಭಾನುವಾರ ಭಾನುವಾರ ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. "ಪಂಪಿನ ಸದ್ದು ಸಮಾಧಾನ ಆದ್ಮೇಲೆ ಬಿಸಿ ಶುರು ಮಾಡೋದು, ಹಾಗಂತ ಬರಿ" ಅನ್ನುತ್ತಾರೆ. ಸಮಾಧಾನಕ್ಕೆ ಮೀಟರಿನಲ್ಲಿ ಎಷ್ಟು ಅಂತ ಕೇಳಿದರೆ ಜಗಳ.

ಕನ್ನಡಕ ಉಪ್ಪುನೀರು ಬಿಟ್ಟ. ಎರಡು ದಿನ ಇವರ ಜೊತೆ ಮಾತನ್ನೂ ಬಿಟ್ಟಿದ್ದ. ಬೋಗುಣಿಯ ಮೇಲಿನ ಹಲಗೆಯಲ್ಲಿ ಬೀಗದ ಕೈ, ಫೋನು, ಗಡಿಯಾರ, ಬೆಲ್ಟು, ತಲೆಪಿನ್ನು ಅಂತ ಇದ್ದ ಪಟ್ಟಿಯ ಕೆಳಗೆ ದಪ್ಪ ಅಕ್ಷರದಲ್ಲಿ ಹಲ್ಲು ಅಂತ ಬರೆದವನೂ ಅವನೇ.

ನಮ್ಮವರು ಈಗ ದಿನಾ ಬಾಗಿಲಲ್ಲಿ ನಿಂತು, ಯಾರಿದ್ದಾರೆ ಯಾರಿಲ್ಲ ಅಂತ ನೋಡದೆ, ಹಲ್ಲು ತೆಗೆದು ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಬೊಚ್ಚುಬಾಯಲ್ಲಿ ನಕ್ಕು ಒಳಗೆ ಹೋಗುತ್ತಾರೆ. ಬೇರೆಯವರದೆಲ್ಲ ಬೋಗುಣಿಗೆ. ಇದನ್ನು ಮಾತ್ರ ನಾನು ನನ್ನ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತೇನೆ, ಊಟದ ಹೊತ್ತಿಗೆ ತೊಳೆದು ಕೊಡುತ್ತೇನೆ.